ಓಂಕಾರಪ್ಪ ಕೊಡಲು ಹೋದದ್ದು

ಹೊನ್ನಾಳಿಯ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಓಂಕಾರಪ್ಪನಿಗೆ ಮಗಳ ಕಾಯಿಲೆ ಮೊದಲು ಗೊತ್ತಾದದ್ದು ಇರುವೆಗಳಿಂದ. ಅದು ೧೯೭೪ರ ಬೇಸಿಗೆ. ಒಂಬತ್ತು ವರ್ಷದ ಹೊನ್ನೂರಮ್ಮ ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ ಕೂತು ಎದ್ದ ಜಾಗಕ್ಕೆ ಕಟ್ಟಿರುವೆಗಳು ಸಾಲುಗಟ್ಟಿ ಬರುತ್ತಿದ್ದವು. ಹುಡುಗಿ ಹದಿನೈದು ದಿನದಿಂದ ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು, ಎರಡಾಳಿನ ಊಟ ಮಾಡುತ್ತಿದ್ದಳು. ಆದರೂ ಲಂಗದ ಲಾಡಿಯನ್ನು ದಿನದಿಂದ ದಿನಕ್ಕೆ ಬಿಗಿಯಾಗಿ ಕಟ್ಟಬೇಕಾಗುತ್ತಿತ್ತು. ಬಿಸಿಲಿನ ಬಾಯಾರಿಕೆ ಎಂದುಕೊಂಡ ಹೆಂಡತಿ ಅಂಜಮ್ಮ ಎರಡು ಸಲ ದೃಷ್ಟಿ ತೆಗೆದಿದ್ದಳು. ಓಂಕಾರಪ್ಪ ಮಗಳ ಉಚ್ಚೆಯನ್ನು ಒಂದು ಸೀಸೆಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋದ.

ಪಶುವೈದ್ಯ ಡಾಕ್ಟರ್ ನಾಗೇಂದ್ರಪ್ಪ ಅದರ ಎಂಟು ಹನಿಯನ್ನು ಸಕ್ಕರೆ ಪತ್ತೆಮಾಡುವ ನೀಲಿ ಔಷಧಿಗೆ ಬಿಟ್ಟು ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪಗೆ ಗಟ್ಟಿಯಾಯಿತು.

"ಯಾವ ದನದ್ದು ಇದು?" ಎಂದು ಕೇಳಿದರು.

"ನಮ್ಮ ಹುಡುಗೀದು ಸಾರ್."

ಡಾಕ್ಟರು ನಳಿಕೆಯನ್ನು ಸ್ಟ್ಯಾಂಡಿನಲ್ಲಿಟ್ಟು ಕೈ ತೊಳೆದರು. "ಈಗಿನ ಬಸ್ಸಿಗೇ ದಾವಣಗೆರೆಗೆ ಕರ್ಕೊಂಡು ಹೋಗು. ಮನೆಗೆ ಹೋಗಿ ಊಟ ಮಾಡ್ಕಂಡು ಹೋಗ್ತೀನಿ ಅನ್ನಬೇಡ," ಎಂದರು.

ಬಸ್ಸಿನಲ್ಲಿ ಹುಡುಗಿ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಮಲಗಿದವಳು ಕರೆದರೂ ಕಣ್ಣು ಬಿಡಲಿಲ್ಲ. ಅವಳ ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆಯಿತ್ತು. ಓಂಕಾರಪ್ಪನಿಗೆ ಆ ವಾಸನೆ ಗೊತ್ತು. ಕರು ಹಾಕಿದ ಮೇಲೆ ಮೇವು ಬಿಟ್ಟು ನಿಂತ ಹಸುಗಳ ಬಾಯಲ್ಲಿ ಅದು ಬರುತ್ತದೆ. ಕೆಲವು ಉಳಿಯುತ್ತವೆ, ಕೆಲವು ಇಲ್ಲ. ಯಾವುದು ಉಳಿಯುತ್ತದೆಂದು ಅವನು ಮೊದಲೇ ಹೇಳಬಲ್ಲವನಾಗಿದ್ದ. ಅವತ್ತು ಮಾತ್ರ ಅವನಿಗೆ ಏನೂ ತಿಳಿಯಲಿಲ್ಲ.

ಹುಡುಗಿ ಉಳಿದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿಕೊಟ್ಟರು. ಹೊಟ್ಟೆಯೊಳಗೆ ಮೇದೋಜೀರಕ ಅಂತ ಒಂದು ಗ್ರಂಥಿ ಇದೆ, ರಕ್ತದ ಸಕ್ಕರೆ ಅರಗಿಸುವ ಇನ್ಸುಲಿನ್ ಅದರಲ್ಲೇ ಹುಟ್ಟುವುದು, ಇವಳಲ್ಲಿ ಅದು ಬತ್ತಿಹೋಗಿದೆ, ಹೊರಗಿನಿಂದ ಸೂಜಿಯಲ್ಲಿ ಕೊಡಬೇಕು, ಬೆಳಿಗ್ಗೆ ಒಂದು, ಸಂಜೆ ಒಂದು, ಬದುಕಿರುವ ತನಕ ಎಂದು ಅಲ್ಲಿನ ಡಾಕ್ಟರು ಹೇಳಿದರು. ಸೂಜಿ ಹಾಕುವುದನ್ನು ಕಲಿಸಲು ನರ್ಸ್ ಸಿರಿಂಜು ಕೈಗೆ ಕೊಟ್ಟಾಗ ಓಂಕಾರಪ್ಪ ಗಾಳಿ ತೆಗೆದು, ಚರ್ಮ ಎತ್ತಿ ಹಿಡಿದು, ಒಂದೇ ಚುಚ್ಚಿಗೆ ಮುಗಿಸಿದ. "ಎಲ್ಲಿ ಕಲಿತ್ರಿ?" ಎಂದು ಅವಳು ಕೇಳಿದ್ದಕ್ಕೆ, "ಎಮ್ಮೆ ಚರ್ಮ ದಪ್ಪ ಇರ್ತೈತಮ್ಮ, ಇದು ಸಲೀಸು," ಎಂದ.

ಅಲ್ಲಿಂದ ಮುಂದೆ ಆ ಮನೆಯ ದಿನಚರಿ ಸೂಜಿಯ ಸುತ್ತ ನಿಂತಿತು. ಬೆಳಿಗ್ಗೆ ಗಾಜಿನ ಸಿರಿಂಜನ್ನು ಪಾತ್ರೆಯಲ್ಲಿ ಕುದಿಸುವುದು, ಉಚ್ಚೆ ಕಾಯಿಸಿ ಬಣ್ಣ ನೋಡುವುದು, ಒಂದು ದಿನ ಬಲದ ತೊಡೆ, ಇನ್ನೊಂದು ದಿನ ಎಡದ್ದು. ದನಗಳ ದೊಡ್ಡರೋಗದ ಲಸಿಕೆ ಇಡಲು ಪಶು ಆಸ್ಪತ್ರೆಯಲ್ಲಿ ಸೀಮೆಎಣ್ಣೆಯ ಫ್ರಿಜ್ ಇತ್ತು. ಆ ಲಸಿಕೆಗಳ ಪಕ್ಕ ಹೊನ್ನೂರಮ್ಮನ ಇನ್ಸುಲಿನ್ ಸೀಸೆಗಳೂ ಇರತೊಡಗಿದವು. ಯಾರೋ ಹೇಳಿದರೆಂದು ಅಂಜಮ್ಮ ಮಧುನಾಶಿನಿ ಎಲೆ ತಂದು ಅಗಿಯಲು ಕೊಟ್ಟಳು. ಓಂಕಾರಪ್ಪ ಬೇಡ ಅನ್ನಲಿಲ್ಲ, ಸೂಜಿ ಬಿಡಲೂ ಇಲ್ಲ.

ನಾಲ್ಕು ವರ್ಷದ ಮೇಲೆ ಅವನಿಗೆ ನ್ಯಾಮತಿಗೆ ವರ್ಗವಾಯಿತು. ಆರ್ಡರ್ ಕೈಗೆ ಬಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಫ್ರಿಜ್ ಐತೇನು ಎಂದು. ಇತ್ತು.

ನ್ಯಾಮತಿಯ ಸ್ಕೂಲಿನಲ್ಲಿ ಒಂದು ಮಧ್ಯಾಹ್ನ ಹೊನ್ನೂರಮ್ಮ ಲೆಕ್ಕದ ಪೀರಿಯಡ್ಡಿನಲ್ಲಿ ಬೆವತು ನಡುಗಿ, ಏನೇನೋ ಬಡಬಡಿಸಿ ಕೆಳಗೆ ಬಿದ್ದಳು. ಓಂಕಾರಪ್ಪ ಓಡಿ ಹೋಗುವಷ್ಟರಲ್ಲಿ ಸ್ಕೂಲಿಗೆ ನೀರು ತುಂಬುವ ಅಜ್ಜಮ್ಮ ಬೇವಿನ ಸೊಪ್ಪು ಹಿಡಿದು ನಿಂತಿದ್ದಳು. ಯಾರದೋ ಗಾಳಿ ಸೋಕಿದೆ ಎಂದು ಮೇಷ್ಟ್ರುಗಳೂ ದೂರ ನಿಂತಿದ್ದರು. ಅವನು ಮಗಳ ಬಾಯಿ ಬಿಡಿಸಿ ಯಾವಾಗಲೂ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಬೆಲ್ಲದ ಪುಡಿಯನ್ನು ವಸಡಿಗೆ ತಿಕ್ಕಿದ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟು, ಸುತ್ತ ನೆರೆದವರನ್ನು ನೋಡಿ, ಮುಖವನ್ನು ಅಪ್ಪನ ಅಂಗಿಗೆ ಒತ್ತಿಕೊಂಡಳು. ಬೆಳಿಗ್ಗೆ ಸೂಜಿ ಹಾಕಿಸಿಕೊಂಡು ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಹೋಗಿದ್ದಳು, ರಕ್ತದ ಸಕ್ಕರೆ ಇಳಿದಿತ್ತು, ಅಷ್ಟೆ. ಆಮೇಲೆ ಆ ತರಗತಿಯಲ್ಲಿ ಅವಳ ಪಕ್ಕ ಕೂರುವವರು ಇಲ್ಲವಾದರು.

ಅದೇ ವರ್ಷ ಒಂದು ದಿನ ನಾಗೇಂದ್ರಪ್ಪ ಡಾಕ್ಟರು ನ್ಯಾಮತಿಗೆ ಬಂದಾಗ ಒಂದು ಇಂಗ್ಲಿಷ್ ಪತ್ರಿಕೆ ತಂದಿದ್ದರು. ವಾರಕ್ಕೆರಡು ದಿನ ಅಲ್ಲಿನ ಕೆಲಸವನ್ನೂ ಅವರೇ ನೋಡುತ್ತಿದ್ದರು.

"ಓಂಕಾರಪ್ಪ, ಇಲ್ಲಿ ಬಾ. ಅಮೆರಿಕಾದಲ್ಲಿ ಇಲಿಗಳ ಸಕ್ಕರೆ ಕಾಯಿಲೆ ವಾಸಿ ಮಾಡಿದಾರಂತೆ."

"ಇಲಿಗೂ ಬರ್ತೈತಾ ಸಾರ್?"

"ಔಷಧಿ ಹಾಕಿ ಬರಿಸ್ತಾರೆ. ಆಮೇಲೆ ಇನ್ನೊಂದು ಇಲಿಯ ಮೇದೋಜೀರಕ ತೆಗೆದು, ಅದರೊಳಗಿನ ಇನ್ಸುಲಿನ್ ಮಾಡೋ ಕಣಗಳನ್ನ ಮಾತ್ರ ಬೇರೆ ಮಾಡಿ, ಕಾಯಿಲೆ ಇಲಿಯ ಲಿವರಿಗೆ ಹೋಗೋ ರಕ್ತನಾಳಕ್ಕೆ ಬಿಟ್ಟಿದಾರೆ. ಅವು ಲಿವರಿನಲ್ಲಿ ಬೇರೂರಿ ಕೆಲಸ ಶುರು ಮಾಡಿವೆ. ಮನುಷ್ಯರಿಗೂ ಮಾಡಿ ನೋಡ್ತಾ ಇದಾರಂತೆ."

ಓಂಕಾರಪ್ಪನಿಗೆ ಮೇದೋಜೀರಕ ಹೊಸದಲ್ಲ. ಸತ್ತ ದನಗಳ ಹೊಟ್ಟೆ ಕೊಯ್ಯುವಾಗ ಕರುಳಿನ ಮಡಿಕೆಯಲ್ಲಿ ಮಲಗಿರುವ ಆ ತಿಳಿಗುಲಾಬಿ ತುಂಡನ್ನು ಅವನು ಎಷ್ಟೋ ಸಲ ಪಕ್ಕಕ್ಕೆ ಸರಿಸಿದ್ದ. ಅದರೊಳಗೆ ಬೇರೆ ಮಾಡುವಂಥದ್ದು ಏನಿದೆ ಎಂದು ಮಾತ್ರ ನೋಡಿರಲಿಲ್ಲ. ಡಾಕ್ಟರು ಮುಂದಿನ ಸಲ ಬರುವಾಗ ಕಾಲೇಜಿನ ದಿನಗಳ ಗಾಜಿನ ಸ್ಲೈಡುಗಳ ಪೆಟ್ಟಿಗೆ ತಂದು, ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅವನನ್ನು ಕೂರಿಸಿದರು. ನೇರಳೆ ಬಣ್ಣದ ಕಣಗಳು ಕಿಕ್ಕಿರಿದಿದ್ದವು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಬಣ್ಣ ಕಮ್ಮಿಯಾದ ದುಂಡನೆಯ ತೇಪೆಗಳು.

"ಆ ಬೆಳ್ಳನೆಯವು ಕಾಣ್ತಾವಲ್ಲ, ಅವಕ್ಕೆ ದ್ವೀಪ ಅಂತಾರೆ. ಇನ್ಸುಲಿನ್ ಹುಟ್ಟೋದು ಅಲ್ಲೇ. ಲಕ್ಷಗಟ್ಟಲೆ ಇರ್ತಾವೆ, ಎಲ್ಲಾ ಸೇರಿಸಿದರೂ ಒಂದು ಚಮಚ ತುಂಬಲ್ಲ."

"ನಮ್ಮ ಹೊಳೆ ನಡುಗಡ್ಡೆ ಇದ್ದಂಗೆ ಅದಾವೆ," ಎಂದ ಓಂಕಾರಪ್ಪ. ಮತ್ತೆ ಕಣ್ಣು ಕೊಟ್ಟು ಬಹಳ ಹೊತ್ತು ನೋಡಿದ. "ನಮ್ಮ ಹುಡುಗೀಗೆ ಇವು ಇಲ್ಲ ಅನ್ರಿ."

"ಇಲ್ಲ."

"ನಂಗೆ ಅದಾವಲ್ಲ."

ಡಾಕ್ಟರು ನಕ್ಕು, "ಇಲಿಗೆ ಆಗಿರೋದು ಓಂಕಾರಪ್ಪ, ನಿಧಾನ," ಎಂದರು. ಅವನು ನಗಲಿಲ್ಲ.

ಆ ಮಾತು ಅವನಲ್ಲಿ ಐದು ವರ್ಷ ಉಳಿಯಿತು. ಅದನ್ನು ಹೆಂಡತಿಗೂ ಹೇಳಲಿಲ್ಲ. ಯಾವುದಾದರೂ ಪತ್ರಿಕೆಯಲ್ಲಿ ಸಕ್ಕರೆ ಕಾಯಿಲೆ ಎಂಬ ಅಕ್ಷರ ಕಂಡರೆ ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇಂಗ್ಲಿಷಿನದಾದರೆ ನಾಗೇಂದ್ರಪ್ಪನವರಿಂದ ಓದಿಸುತ್ತಿದ್ದ. ಬರುವ ಸುದ್ದಿಗಳೆಲ್ಲ ಒಂದೇ ತೆರನಾಗಿರುತ್ತಿದ್ದವು. ಆಗುತ್ತದೆ, ಇನ್ನೂ ಆಗಿಲ್ಲ.

೧೯೮೨ರಲ್ಲಿ ಜಗಳೂರಿಗೆ ವರ್ಗವಾಯಿತು. ಹುಟ್ಟೂರು ಬಿಳಿಚೋಡು ಹತ್ತಿರವೆಂದು ನೆಂಟರು ಸಂತೋಷಪಟ್ಟರು. ಓಂಕಾರಪ್ಪನ ಅಪ್ಪ ಅಲ್ಲಿ ಕುರಿ ಕಾದವನು. ಆ ಮನೆಯಿಂದ ಸರ್ಕಾರದ ಸಂಬಳಕ್ಕೆ ಹೋದವನು ಇವನೊಬ್ಬನೇ. ಜಗಳೂರಿನ ಫ್ರಿಜ್ ಕರೆಂಟಿನದು, ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಸ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರ ನಡುವೆ ಇನ್ಸುಲಿನ್ ಸೀಸೆ ಹೂತಿಟ್ಟು, ಬೇಸಿಗೆ ಕಳೆದರು. ಹೊನ್ನೂರಮ್ಮ ಪಿಯುಸಿ ಮುಗಿಸಿದಳು. ಉದ್ದಕ್ಕೆ ಬೆಳೆದಿದ್ದಳು, ನೋಡಿದವರಿಗೆ ಕಾಯಿಲೆ ಗೊತ್ತಾಗುತ್ತಿರಲಿಲ್ಲ. ಈಗಲೂ ಎರಡು ಹೊತ್ತು ಸೂಜಿ ಹಾಕುವವನು ಓಂಕಾರಪ್ಪನೇ. ಅವಳು ಪುಸ್ತಕ ಓದುತ್ತಲೇ ತೋಳು ಚಾಚುತ್ತಿದ್ದಳು.

ಆಗ ಚನ್ನಗಿರಿಯಿಂದ ಒಂದು ಸಂಬಂಧ ಬಂತು. ಹುಡುಗ ಕರೆಂಟಿನ ಆಫೀಸಿನಲ್ಲಿ ಗುಮಾಸ್ತ. ಹುಡುಗನ ತಂದೆ ಚಿಕ್ಕಹನುಮಂತಪ್ಪ ಬಂದು ನೋಡಿ, ಹುಡುಗಿ ಒಪ್ಪಿಗೆ ಎಂದು ಹೇಳಿ, ಶ್ರಾವಣ ಕಳೆಯಲಿ ಎಂದು ಹೋದ. ಕಾಯಿಲೆಯ ವಿಷಯ ಯಾರೂ ಎತ್ತಲಿಲ್ಲ.

"ಹೇಳಬೇಕಲ್ರಿ," ಎಂದಳು ಅಂಜಮ್ಮ, ಅವರು ಹೋದ ಮೇಲೆ.

"ಹೇಳೋ ಹೊತ್ತಿಗೆ ಕಾಯಿಲೆ ಇರಲ್ಲ ಬಿಡು," ಎಂದ ಓಂಕಾರಪ್ಪ. ಅಂಜಮ್ಮನಿಗೆ ಅದು ಅರ್ಥವಾಗಲಿಲ್ಲ.

ನಾಗೇಂದ್ರಪ್ಪನವರಿಂದ ಒಂದು ಕಾಗದ ಬರೆಸಿಕೊಂಡು, ಮಗಳಿಗೆ ಕಣ್ಣು ತೋರಿಸಿಕೊಂಡು ಬರೋಣವೆಂದು ಹೇಳಿ, ಅವನು ಅವಳನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟ. ಅಲ್ಲಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಗೆಂದೇ ಓದಿಕೊಂಡು ಬಂದಿದ್ದ ಡಾಕ್ಟರ್ ಸರ್ವಮಂಗಳಮ್ಮ ಇದ್ದರು. ಐವತ್ತರ ಆಸುಪಾಸಿನ ಹೆಂಗಸು. ಅವರು ಹೊನ್ನೂರಮ್ಮನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಪಾದ ಮುಟ್ಟಿ ನೋಡಿದರು, ರಕ್ತ ತೆಗೆಸಿದರು. ಮಾರನೇ ದಿನ ಎಲ್ಲ ಕಾಗದಗಳನ್ನು ಮುಂದಿಟ್ಟುಕೊಂಡು, "ಒಂಬತ್ತು ವರ್ಷದ ಕಾಯಿಲೇನ ಇಷ್ಟು ಚೆನ್ನಾಗಿ ಇಟ್ಟುಕೊಂಡಿರೋದು ನಾನು ಕಮ್ಮಿ ನೋಡಿದೀನಿ. ಕಣ್ಣು, ಕಿಡ್ನಿ ಎರಡೂ ಸರಿಯಾಗಿದೆ," ಎಂದರು.

ಓಂಕಾರಪ್ಪ ಜೇಬಿನಿಂದ ಕತ್ತರಿಸಿಟ್ಟ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಹರವಿದ. ಕೆಲವು ಮಡಿಕೆಯಲ್ಲಿ ಹರಿದು ಎರಡಾಗಿದ್ದವು.

"ಇದ್ನ ಮಾಡಿಸಾಕೆ ಬಂದೀನಿ ಅಮ್ಮಾ. ನನ್ನ ಮೇದೋಜೀರಕದಾಗೆ ಅರ್ಧ ತಗಂಡು, ಅದ್ರಾಗಿನ ದ್ವೀಪ ಇವಳಿಗೆ ಹಾಕ್ರಿ. ನಂಗೆ ಐವತ್ತೊಂದು, ಬೀಡಿ ಇಲ್ಲ, ಕುಡಿಯದಿಲ್ಲ. ಪರೀಕ್ಷೆ ಮಾಡ್ಕಳ್ರಿ."

ಹೊನ್ನೂರಮ್ಮ ಅಪ್ಪನ ಕಡೆ ತಿರುಗಿದಳು. ಸರ್ವಮಂಗಳಮ್ಮ ಕಾಗದಗಳನ್ನು ಒಂದೊಂದಾಗಿ ಓದಿದರು. ಅವರು ನಗದೇ ಇದ್ದುದು ಓಂಕಾರಪ್ಪನಿಗೆ ಧೈರ್ಯ ಕೊಟ್ಟಿತು.

"ನೋಡಿ ಓಂಕಾರಪ್ಪನವರೇ, ನಿಮಗೆ ದನದ ವೈದ್ಯಕೀಯ ಗೊತ್ತಿದೆ, ಅದಕ್ಕೇ ನೇರವಾಗಿ ಹೇಳ್ತೀನಿ," ಎಂದರು. "ಇದನ್ನ ನಮ್ಮಲ್ಲಿ ಯಾರೂ ಮಾಡ್ತಿಲ್ಲ. ಹೊರಗಿನ ದೇಶಗಳಲ್ಲಿ ಮಾಡಿ ನೋಡಿದಾರೆ. ಬೇರೆಯವರ ಕಣ ಹಾಕಿಸಿಕೊಂಡು ಇನ್ಸುಲಿನ್ ಪೂರ್ತಿ ಬಿಟ್ಟವರು ಇದಾರೆ ಅಂತ ಧೈರ್ಯವಾಗಿ ಹೇಳೋ ಹಾಗಿಲ್ಲ. ಒಬ್ಬರ ಇಡೀ ಗ್ರಂಥಿಯಿಂದ ತೆಗೆದರೂ ಸಾಲೋದಿಲ್ಲ, ತೆಗೆಯುವಾಗಲೇ ಅರ್ಧ ಹಾಳಾಗುತ್ತೆ. ಒಳಗೆ ಹೋದದ್ದನ್ನೂ ಇವಳ ಮೈ ಸುಮ್ಮನೆ ಬಿಡೋದಿಲ್ಲ, ಹೊರಗಿನದು ಅಂತ ಗುರುತು ಹಿಡಿದು ಕೊಲ್ಲುತ್ತೆ."

"ಹೊರಗಿನದಲ್ಲಮ್ಮಾ, ಅಪ್ಪನದು."

"ಅಪ್ಪನದೂ ಹೊರಗಿನದೇ. ಅದನ್ನ ತಡೆಯೋ ಔಷಧಿ ಇದೆ, ಹೊಸದೊಂದು ಈಗ ಬಂದಿದೆ. ಅದನ್ನ ಬದುಕಿರೋ ತನಕ ತಗೋಬೇಕು. ಅದು ಕಿಡ್ನಿ ಕೆಡಿಸುತ್ತೆ, ಸಣ್ಣ ಜ್ವರಾನೂ ದೊಡ್ಡದು ಮಾಡುತ್ತೆ. ಅದಕ್ಕೇ ಆಗಲೇ ಕಿಡ್ನಿ ಬದಲಾಯಿಸಿಕೊಂಡು ಆ ಔಷಧಿ ತಗೋತಾ ಇರೋರಿಗೆ ಮಾತ್ರ ಇದನ್ನ ಮಾಡ್ತಾರೆ. ಇನ್ನು ನೀವು ಅರ್ಧ ಕೊಟ್ಟರೆ, ನಿಮಗೇ ಸಕ್ಕರೆ ಕಾಯಿಲೆ ಬರಬಹುದು."

"ಬರಲಿ. ಸೂಜಿ ಹಾಕ್ಕಳಾಕೆ ಬರ್ತೈತೆ ನಂಗೆ."

ಡಾಕ್ಟರು ಅವನನ್ನು ಬಿಟ್ಟು ಹುಡುಗಿಯ ಕಡೆ ನೋಡಿದರು. "ನೀನೇನಂತೀಯಮ್ಮ?"

"ನಂಗೆ ಇದು ಈಗ ಗೊತ್ತಾಗ್ತಿರೋದು ಮೇಡಂ," ಎಂದಳು ಹೊನ್ನೂರಮ್ಮ. "ನಂಗೆ ಬೇಡ."

ಊರಿಗೆ ಮರಳುವ ಬಸ್ಸು ತುಮಕೂರು ದಾಟಿದ ಮೇಲೆ, ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದಳು.

"ಚನ್ನಗಿರಿಯೋರಿಗೆ ಹೇಳೀಯಾ?"

ಅವನು ಟಿಕೆಟ್ಟನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

"ಹೇಳಿಲ್ಲ," ಎಂದಳು ತಾನೇ. "ಅವರಿಗೆ ಗೊತ್ತಾಗೋದ್ರೊಳಗೆ ನನ್ನ ರಿಪೇರಿ ಮಾಡಿಸಬೇಕು ಅಂತ ಹೊಂಟಿದ್ದೆ. ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ ನಿಂಗೆ."

"ನಿನ್ನ ಸಲುವಾಗೇ ಅಲ್ವೇನವ್ವ."

"ನನ್ನ ಸಲುವಾಗಿ ನಿಂಗೆ ಈ ಕಾಯಿಲೆ ತಂದು ನಾನು ಮದುವೆ ಮಾಡ್ಕಬೇಕಾ? ಇದು ಹೆಂಗಿರ್ತೈತೆ ಅಂತ ನಿಂಗೇನು ಗೊತ್ತು? ಚುಚ್ಚೋದು ಗೊತ್ತು ನಿಂಗೆ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಓಂಕಾರಪ್ಪ ಕೈಚೀಲವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡ. ಒಂಬತ್ತು ವರ್ಷಕ್ಕೆ ಆರು ಸಾವಿರಕ್ಕೂ ಮೇಲೆ ಸೂಜಿ ಹಾಕಿದ್ದೇನೆಂದು ಅವನು ಲೆಕ್ಕ ಇಟ್ಟಿದ್ದ.

ಜಗಳೂರಿಗೆ ಬಂದ ಮಾರನೇ ಬೆಳಿಗ್ಗೆ ಅವನು ಎಂದಿನಂತೆ ಸಿರಿಂಜು ಕುದಿಸಿ, ಔಷಧಿ ಎಳೆದು, ಕೋಣೆಗೆ ಹೋದ. ಹೊನ್ನೂರಮ್ಮ ಅವನ ಕೈಯಿಂದ ಸಿರಿಂಜು ತೆಗೆದುಕೊಂಡಳು. ಗೋಡೆಗೆ ಒರಗಿ ಕೂತು, ಲಂಗ ಸರಿಸಿ, ತೊಡೆಗೆ ತಾನೇ ಚುಚ್ಚಿಕೊಂಡಳು. ಸೂಜಿ ಸ್ವಲ್ಪ ಓರೆಯಾಗಿ ಹೋಯಿತು, ಒಂದು ಹನಿ ರಕ್ತ ಬಂತು. ಅವನು ಹತ್ತಿ ಕೊಡಲು ಹೋದ. "ಇರಲಿ," ಎಂದಳು. ಅವನು ಹೊರಗೆ ಬಂದು ಜಗಲಿಯ ಮೇಲೆ ಕೂತ. ಡ್ಯೂಟಿಗೆ ಇನ್ನೂ ಒಂದು ಗಂಟೆಯಿತ್ತು. ಆ ಒಂದು ಗಂಟೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ಅದೇ ವಾರ ಅವಳು ಚಿಕ್ಕಹನುಮಂತಪ್ಪನಿಗೆ ತಾನೇ ಒಂದು ಇನ್‌ಲ್ಯಾಂಡ್ ಕಾಗದ ಬರೆದಳು. ಕಾಯಿಲೆಯ ಹೆಸರು, ಎಷ್ಟು ವರ್ಷದಿಂದ ಇದೆ, ದಿನಕ್ಕೆ ಎರಡು ಸೂಜಿ, ವಾಸಿಯಾಗುವುದಿಲ್ಲ. ಅಂಚೆಗೆ ಹಾಕುವ ಮುಂಚೆ ಅಪ್ಪನಿಗೆ ಓದಲು ಕೊಟ್ಟಳು. ಅವನು ಓದಿ ವಾಪಸು ಕೊಟ್ಟ. ಹದಿನೈದು ದಿನಕ್ಕೆ ನೆಂಟರೊಬ್ಬರ ಬಾಯಲ್ಲಿ ಉತ್ತರ ಬಂತು. ಹುಡುಗನಿಗೆ ಈ ವರ್ಷ ಗುರುಬಲ ಇಲ್ಲವಂತೆ. ಅಂಜಮ್ಮ ಎರಡು ದಿನ ಅತ್ತಳು. ಹೊನ್ನೂರಮ್ಮ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿದಳು.

ಆಮೇಲಿನ ವರ್ಷಗಳಲ್ಲಿ ಎರಡು ಸಂಬಂಧ ಬಂದವು. ಎರಡು ಸಲವೂ ಕಾಫಿ ತಟ್ಟೆ ಕೆಳಗಿಡುವ ಮೊದಲೇ ಅವಳು ವಿಷಯ ಹೇಳಿದಳು, ಅವರು ಕಾಫಿ ಕುಡಿದು ಎದ್ದು ಹೋದರು. ಓಂಕಾರಪ್ಪ ಕೊನೆಯ ವರ್ಗದಲ್ಲಿ ಚನ್ನಗಿರಿಗೆ ಬಂದ. ಅವಳಿಗೂ ಅದೇ ತಾಲೂಕಿನ ತ್ಯಾವಣಿಗೆಯಲ್ಲಿ ಪ್ರೈಮರಿ ಶಾಲೆಯ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಓಡಾಡು ಎಂದರೆ ಕೇಳದೆ, ಶಾಲೆಯ ಹತ್ತಿರವೇ ಕೋಣೆ ಹಿಡಿದಳು. ಇನ್ಸುಲಿನ್ ಇಡಲು ಮೆಡಿಕಲ್ ಶಾಪಿನವರೊಂದಿಗೆ ತಾನೇ ಮಾತಾಡಿಕೊಂಡಳು. ಓಂಕಾರಪ್ಪ ತಿಂಗಳಿಗೆ ಎರಡು ಭಾನುವಾರ ಹೋಗಿ ನೋಡಿಕೊಂಡು ಬರುತ್ತಿದ್ದ. ಸಕ್ಕರೆ ಎಷ್ಟಿದೆ ಎಂದು ಕೇಳುತ್ತಿರಲಿಲ್ಲ. ಕೇಳದಿರುವುದನ್ನು ಅವನು ಕಷ್ಟಪಟ್ಟು ಕಲಿತಿದ್ದ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಓಂಕಾರಪ್ಪ ರಿಟೈರ್ ಆಗುವುದಕ್ಕೆ ಇನ್ನು ಕೆಲವೇ ತಿಂಗಳಿದ್ದವು. ಒಂದು ಬೆಳಿಗ್ಗೆ ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕನ್ನಡ ಪತ್ರಿಕೆ ತಿರುವುತ್ತಿದ್ದಾಗ, ಒಳಪುಟದ ಕೆಳಗೆ ಬೆರಳಗಲದ ಸುದ್ದಿಯೊಂದು ಕಂಡಿತು. ಹೊರದೇಶದಲ್ಲಿ, ತೀರಿಕೊಂಡವರ ಮೇದೋಜೀರಕದಿಂದ ತೆಗೆದ ಕಣಗಳನ್ನು ಒಬ್ಬ ರೋಗಿಯ ಲಿವರಿಗೆ ಸೇರಿಸಿದ್ದು, ಆ ರೋಗಿ ಕೆಲವು ವಾರ ಇನ್ಸುಲಿನ್ ಇಲ್ಲದೆ ಇದ್ದರಂತೆ. ಓಂಕಾರಪ್ಪ ಅದನ್ನು ಮೂರು ಸಲ ಓದಿದ. ಕತ್ತರಿಸಲಿಲ್ಲ. ಇಡೀ ಪತ್ರಿಕೆಯನ್ನು ಹೋಟೆಲಿನವನಿಂದ ಕೇಳಿ ಪಡೆದ. ಭಾನುವಾರವಲ್ಲದಿದ್ದರೂ ತ್ಯಾವಣಿಗೆ ಬಸ್ಸು ಹತ್ತಿದ.

ಶಾಲೆ ಬಿಡುವವರೆಗೆ ಗೇಟಿನ ಹತ್ತಿರ ನಿಂತಿದ್ದ. ಹೊನ್ನೂರಮ್ಮ ದೂರದಿಂದಲೇ ನೋಡಿ, "ಏನಾತು, ಅವ್ವ ಹುಷಾರಾಗೈತಾ?" ಎನ್ನುತ್ತ ಬಿರಬಿರನೆ ಬಂದಳು.

"ಹುಷಾರಾಗೈತೆ. ಇದ್ನ ನೋಡು ಅಂತ ಬಂದೆ. ಬೇಡ ಅಂದ್ರೆ ಬೇಡ."

ಕೋಣೆಗೆ ಹೋಗಿ ಅವಳು ಚಾಪೆಯ ಮೇಲೆ ಕೂತು ಓದಿದಳು. ಓದಿ ಮುಗಿಸಿದ ಮೇಲೂ ಪತ್ರಿಕೆ ಕೆಳಗಿಡಲಿಲ್ಲ.

"ಕೆಲವು ವಾರ ಅಂದ್ರೆ ಎಷ್ಟು?"

"ಬರೆದಿಲ್ಲ."

"ಒಂದು ತಿಂಗಳು ಅಂದ್ಕಳಾಣ," ಎಂದಳು. "ಒಂದು ತಿಂಗಳು. ಬೆಳಿಗ್ಗೆ ಎದ್ದು, ಅದರ ನೆನಪೇ ಇಲ್ಲದಂಗೆ, ಮುಖ ತೊಳ್ಕಂಡು ತಿಂಡಿ ತಿನ್ನೋದು."

ಅವಳ ದನಿ ಓಂಕಾರಪ್ಪನಿಗೆ ಪರಿಚಯದ್ದಲ್ಲ. ಅವನು ಮಗಳ ಮುಖ ನೋಡಿದ.

"ನಿಂಗೆ ಬೇಡಾಗಿತ್ತು ಅಂದ್ಕಂಡಿದ್ದೆ ನಾನು," ಎಂದ.

"ಬೇಡಾಗಿತ್ತಾ? ಅವತ್ತು ಆ ಡಾಕ್ಟರಮ್ಮ ಆಗಲ್ಲ ಅಂತ ಒಂದೊಂದೇ ಹೇಳ್ತಿದ್ರೆ ನಂಗೆ ಒಳಗೆ ಹೆಂಗಾಗಿತ್ತು ಗೊತ್ತೇನು? ಆಗ್ತೈತೆ ಅಂತ ಒಂದು ಮಾತು ಹೇಳಲಿ ಅಂತ ಕಾಯ್ತಿದ್ದೆ. ನಿನ್ನ ಕೊಯ್ದು ತಗಳ್ಳದು ಬೇಡಾಗಿತ್ತು. ಅಷ್ಟೆ."

ಅವಳು ಎದ್ದು ಹೋಗಿ ಸ್ಟವ್ ಹಚ್ಚಿ ಟೀಗೆ ಇಟ್ಟಳು. ಅಪ್ಪನಿಗೆ ಸಕ್ಕರೆ ಹಾಕಿದ್ದು, ತನಗೆ ಹಾಕದ್ದು. ಲೋಟ ಕೊಟ್ಟು ಪಕ್ಕದಲ್ಲಿ ಕೂತಳು.

"ಇದ್ರಾಗೆ ಸತ್ತೋರದು ತಗಂಡಾರೆ ಅಂತ ಬರೆದೈತಲ್ಲ," ಎಂದಳು. "ಆ ಡಾಕ್ಟರಮ್ಮ ಇನ್ನೂ ಅಲ್ಲೇ ಅದಾರಾ?"

"ಇರಬಹುದು. ಬರೆದು ಕೇಳಬಹುದು."

"ನಾನು ಬರೀತೀನಿ."

ಅವತ್ತೇ ಬರೆದಳು. ತನ್ನ ವಯಸ್ಸು, ಕಾಯಿಲೆಯ ವರ್ಷಗಳು, ಈಗ ತೆಗೆದುಕೊಳ್ಳುವ ಪ್ರಮಾಣ, ಪತ್ರಿಕೆಯ ಸುದ್ದಿ. ನಮ್ಮಲ್ಲಿ ಎಂದಾದರೂ ಶುರುವಾದರೆ ನನ್ನ ಹೆಸರು ಬರೆದುಕೊಳ್ಳಬೇಕು ಎಂದು ಕೊನೆಯಲ್ಲಿ ಸೇರಿಸಿದಳು. ಬರೆಯುತ್ತ ಒಂದು ಕಡೆ ಪೆನ್ನು ನಿಲ್ಲಿಸಿ, "ಬೆಂಗಳೂರಿಗೆ ಹೋಗಿದ್ದು ಯಾವ ತಿಂಗಳು ಅಪ್ಪ?" ಎಂದಳು. "ಆಷಾಢ. ಜುಲೈ ಹದಿನಾಲ್ಕು," ಎಂದ ಅವನು ತಡವರಿಸದೆ.

ಒಂದೂವರೆ ತಿಂಗಳಿಗೆ ಉತ್ತರ ಬಂತು. ಸರ್ವಮಂಗಳಮ್ಮನವರ ಕೈಬರಹ. ಇಲ್ಲಿ ಇನ್ನೂ ಯಾರೂ ಮಾಡುತ್ತಿಲ್ಲ, ಸದ್ಯಕ್ಕೆ ಮಾಡುವ ಸೂಚನೆಯೂ ಇಲ್ಲ. ಅಲ್ಲಿಯೂ ಬಹಳ ದಿನ ನಿಂತಿಲ್ಲ. ಕಿಡ್ನಿ ಚೆನ್ನಾಗಿರುವವರಿಗೆ ಆ ಔಷಧಿಗಳ ಅಪಾಯ ಈಗಲೂ ಹೆಚ್ಚು. ಹೆಸರು ಬರೆದುಕೊಂಡಿದ್ದೇನೆ, ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋಗಬೇಕು. ನಿಮ್ಮ ತಂದೆಯನ್ನು ಕೇಳಿದೆನೆಂದು ಹೇಳಿ.

ಮುಂದಿನ ಭಾನುವಾರ ಓಂಕಾರಪ್ಪ ಹೋದಾಗ ಅವಳು ಕಾಗದವನ್ನು ಓದಲು ಕೊಟ್ಟಳು. ಓದಿ ಮಡಿಸಿದ.

"ವರ್ಷಕ್ಕೊಂದ್ಸಲ ಹೋಗಬೇಕು ಅಂತೈತೆ. ನೀನೂ ಬರ್ತೀಯಾ?" ಎಂದಳು.

"ನಾನ್ಯಾಕೆ? ನೀನೇ ಹೋಗಿ ಬರ್ತೀಯಲ್ಲ."

"ಹೋಗಾಕೆ ಬರ್ತೈತೆ. ಬಾ ಅಂತ ಕರೀತಿದೀನಿ."

ಅವನು ಬರುತ್ತೇನೆಂದ. ರಿಟೈರ್ ಆದ ಮೇಲೆ, ಬೇಸಿಗೆ ರಜೆಯಲ್ಲಿ ಹೋಗುವುದೆಂದು ಮಾತಾಯಿತು. ಹೊನ್ನೂರಮ್ಮ ಮಕ್ಕಳ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಳು, ಓಂಕಾರಪ್ಪ ಐದೂವರೆಯ ಬಸ್ಸಿಗೆ ಹೊರಟ.